‘ನೀಡ್‌ಫುಲ್’ ಅಂದರೆ ನಿಖರವಾಗಿ ಏನು ಮಾಡಬೇಕು?

ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಜಡಿಗೇನಹಳ್ಳಿಯೂ ಒಂದು. ಒಂದು ಕಡೆ ಹೊಸಕೋಟೆಯ ಕಾರ್ಖಾನೆಗಳು, ಇನ್ನೊಂದು ಕಡೆ ಮಾಲೂರು, ನರಸಾಪುರದ ಕೈಗಾರಿಕಾ ಪ್ರದೇಶಗಳು. ಇಂಥ ಊರಿನಲ್ಲಿ ಐಟಿಐ ಮುಗಿಸಿದ ಹುಡುಗನೊಬ್ಬ ಸ್ವಂತಕ್ಕೆ ಬರೆಯುವ ಮೊದಲ ಇಂಗ್ಲಿಷ್ ಕಾಗದ ಬಹುಮಟ್ಟಿಗೆ ಕೆಲಸದ ಅರ್ಜಿಯೇ. ಅದು ಹೀಗಿರುತ್ತದೆ ಎಂದಿಟ್ಟುಕೊಳ್ಳಿ:

‘ವಿತ್ ರೆಫರೆನ್ಸ್ ಟು ದಿ ಅಬೌ ಸಬ್ಜೆಕ್ಟ್, ಮೈಸೆಲ್ಫ್ ಮಂಜುನಾಥ, ಐ ಆಮ್ ಫ್ರಮ್ ಜಡಿಗೇನಹಳ್ಳಿ ಓನ್ಲಿ. ಐ ಆಮ್ ಪಾಸ್ಡ್ ಔಟ್ ಫಿಟ್ಟರ್ ಟ್ರೇಡ್ ಇನ್ 2022. ಐ ಆಮ್ ಹ್ಯಾವಿಂಗ್ ಒನ್ ಇಯರ್ ಎಕ್ಸ್‌ಪೀರಿಯನ್ಸ್. ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್. ಕೈಂಡ್ಲಿ ಡೂ ದ ನೀಡ್‌ಫುಲ್ ಅಂಡ್ ರಿವರ್ಟ್ ಬ್ಯಾಕ್ ಅಟ್ ದಿ ಅರ್ಲಿಯೆಸ್ಟ್.’

ಇಂಗ್ಲಿಷ್ ಮೇಷ್ಟರ ಕೈಗೆ ಕೊಟ್ಟರೆ ಕೆಂಪು ಶಾಯಿ ಸಾಲದು. ಆದರೆ ಇದರಲ್ಲಿರುವ ತಪ್ಪುಗಳು ಒಂದೇ ಜಾತಿಯವಲ್ಲ. ಒಂದಷ್ಟು ಕನ್ನಡದ ವ್ಯಾಕರಣವೇ ಇಂಗ್ಲಿಷಿನ ಅಂಗಿ ತೊಟ್ಟು ಬಂದವು. ಇನ್ನೊಂದಷ್ಟು ಬ್ರಿಟಿಷರ ಕಚೇರಿಯಿಂದ ಇಳಿದು ಬಂದವು. ಅವುಗಳಲ್ಲಿ ಎಷ್ಟೋ ಮಾತುಗಳನ್ನು ಅವರು ಮರೆತರು, ನಾವು ಉಳಿಸಿಕೊಂಡೆವು. ಮೊದಲಿನವನ್ನು ಕಂಡು ಜನ ನಗುತ್ತಾರೆ, ಎರಡನೆಯವನ್ನು ಕಂಡು ‘ಎಷ್ಟು ಗತ್ತಾಗಿ ಬರೆದಿದ್ದಾನೆ’ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇದು ತಿರುಗುಮುರುಗು. ಹೆಚ್ಚು ಕೆಡುಕು ಮಾಡುವುದು ಎರಡನೆಯದೇ.

ಮೊದಲು ನಗೆಗೀಡಾದವನ್ನು ನೋಡೋಣ. ‘ಐ ಆಮ್ ಹ್ಯಾವಿಂಗ್’ ಎಲ್ಲಿಂದ ಬಂತು? ಇಂಗ್ಲಿಷಿನ ‘ಹ್ಯಾವ್’ಗೆ ಸಾಟಿಯಾದ ಕ್ರಿಯಾಪದ ಕನ್ನಡದಲ್ಲಿಲ್ಲ. ನಾವು ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’, ‘ನನಗೆ ಅನುಭವ ಇದೆ’ ಎನ್ನುತ್ತೇವೆ. ಇಲ್ಲಿ ‘ನಾನು’ ಏನನ್ನೂ ಮಾಡುತ್ತಿಲ್ಲ, ನನಗೆ ಅದು ಇದೆ, ಅಷ್ಟೆ. ಇಂಗ್ಲಿಷಿಗೆ ಹೋದೊಡನೆ ‘ಐ’ ಎಂದು ಶುರುಮಾಡಲೇಬೇಕು, ಪಕ್ಕಕ್ಕೊಂದು ಕ್ರಿಯಾಪದ ಬೇಕು. ಶಾಲೆಯಲ್ಲಿ ಉರು ಹೊಡೆದ ‘ಇಂಗ್’ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಇಂಗ್ಲಿಷರು ಈ ‘ಇಂಗ್’ ಅನ್ನು ನಡೆಯುತ್ತಿರುವ ಕೆಲಸಕ್ಕೆ ಮೀಸಲಿಡುತ್ತಾರೆ. ಊಟ ನಡೆಯುತ್ತಿದ್ದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿಯೇ. ಅನುಭವ, ಅಣ್ಣಂದಿರು, ತಿಳಿವಳಿಕೆ ಇವೆಲ್ಲ ಸ್ಥಿತಿ. ಅವಕ್ಕೆ ‘ಐ ಹ್ಯಾವ್’, ‘ಐ ನೋ’, ‘ಐ ಅಂಡರ್‌ಸ್ಟ್ಯಾಂಡ್’ ಸಾಕು.

‘ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್’ ಕೂಡ ‘ನಮ್ಮಪ್ಪ ವ್ಯವಸಾಯ ಮಾಡ್ತಿದ್ದಾರೆ’ ಎಂಬುದರ ನೇರ ನಕಲು. ಬದುಕಿಡೀ ಮಾಡುವ ಕಸುಬನ್ನೂ ನಾವು ‘ಮಾಡ್ತಿದ್ದಾರೆ’ ಎಂದೇ ಹೇಳುತ್ತೇವೆ. ಇಂಗ್ಲಿಷ್ ಕಿವಿಗೆ ಅದು ಅಪ್ಪ ಈಗ ಈ ಗಳಿಗೆಯಲ್ಲಿ ಹೊಲದಲ್ಲಿದ್ದಾರೆ ಎಂಬಂತೆ ಕೇಳುತ್ತದೆ. ‘ಮೈ ಫಾದರ್ ಈಸ್ ಎ ಫಾರ್ಮರ್’ ಎಂದರೆ ಮುಗಿಯಿತು. ಅಂದಹಾಗೆ, ಫಿಟ್ಟರ್ ಕೆಲಸದ ಅರ್ಜಿಯಲ್ಲಿ ಅಪ್ಪನ ಕಸುಬು ಏಕೆ ಬೇಕು ಎಂಬುದು ಬೇರೆಯೇ ಪ್ರಶ್ನೆ.

‘ಓನ್ಲಿ’ಯದು ಇನ್ನೂ ಸ್ವಾರಸ್ಯದ ಕತೆ. ‘ನಾನು ಜಡಿಗೇನಹಳ್ಳಿಯವನೇ’ ಎಂಬ ಮಾತಿನ ಕೊನೆಯ ‘ಏ’ ಎಷ್ಟೊಂದು ಕೆಲಸ ಮಾಡುತ್ತದೆ! ಬೇರೆಯವನಲ್ಲ, ಇಲ್ಲಿಯವನೇ, ನಂಬಿ. ಈ ಒಂದು ಸ್ವರದ ಕೆಲಸವನ್ನು ಇಂಗ್ಲಿಷ್ ಮಾತಿನಲ್ಲಿ ಒತ್ತಿನಿಂದ ಮಾಡಿಬಿಡುತ್ತದೆ. ಬರಹದಲ್ಲಿ ಆ ಒತ್ತು ಕಾಣುವುದಿಲ್ಲ. ನಾವು ಅದನ್ನು ಬಿಡಲೊಲ್ಲದೆ ‘ಓನ್ಲಿ’ ಎಂದೋ ‘ಟುಡೇ ಇಟ್‌ಸೆಲ್ಫ್’ ಎಂದೋ ತುರುಕುತ್ತೇವೆ. ‘ಇವತ್ತೇ ಕಳಿಸ್ತೀನಿ’ ಎನ್ನಲು ‘ಐ ವಿಲ್ ಸೆಂಡ್ ಇಟ್ ಟುಡೇ’ ಸಾಕು. ಅರ್ಜಿಯಲ್ಲಿ ‘ಐ ಲಿವ್ ಇನ್ ಜಡಿಗೇನಹಳ್ಳಿ’ ಎಂದರೆ ಹೆಚ್ಚು ಉಪಯೋಗ. ಕಾರ್ಖಾನೆಯವರಿಗೆ ಬೇಕಾದದ್ದು ಹುಡುಗ ಎಲ್ಲಿಂದ ಬಂದು ಹೋಗುತ್ತಾನೆ ಎಂಬುದು.

‘ಡಿಸ್ಕಸ್ ಅಬೌಟ್’ ಎಂಬುದರ ಹಿಂದೆ ನಮ್ಮ ‘ಬಗ್ಗೆ’ ಇದೆ, ‘ಟೋಲ್ಡ್ ಟು ಹಿಮ್’ ಎಂಬುದರ ಹಿಂದೆ ‘ಅವನಿಗೆ ಹೇಳಿದೆ’ ಇದೆ. ಎರಡರಲ್ಲೂ ನಡುವಿನ ಚಿಕ್ಕ ಪದ ತೆಗೆದರೆ ವಾಕ್ಯ ಸರಿಯಾಗುತ್ತದೆ. ‘ಮೈಸೆಲ್ಫ್ ಮಂಜುನಾಥ’ ಬದಲು ‘ಐ ಆಮ್ ಮಂಜುನಾಥ’. ‘ಕಸಿನ್ ಬ್ರದರ್’ ವಿಷಯದಲ್ಲಿ ಮಾತ್ರ ನಾನು ಅಷ್ಟು ಕಟ್ಟುನಿಟ್ಟಲ್ಲ. ದೊಡ್ಡಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ, ಸೋದರಮಾವನ ಮಗ ಭಾವನೋ ಭಾವಮೈದುನನೋ. ಇಂಗ್ಲಿಷ್ ಇವರನ್ನೆಲ್ಲ, ಹೆಣ್ಣುಮಕ್ಕಳನ್ನೂ ಸೇರಿಸಿ, ‘ಕಸಿನ್’ ಎಂಬ ಒಂದೇ ಚೀಲಕ್ಕೆ ಹಾಕಿದರೆ ಬಡತನ ಯಾರದು? ಆದರೂ ಅರ್ಜಿಗೆ ‘ಕಸಿನ್’ ಒಂದೇ ಸಾಕು.

ಇವು ಯಾವುವೂ ಅರ್ಥ ಕೆಡಿಸಲಿಲ್ಲ ಎಂಬುದನ್ನು ಗಮನಿಸಿ. ಮಂಜುನಾಥ ಎಲ್ಲಿಯವನು, ಏನು ಕಲಿತಿದ್ದಾನೆ ಎಲ್ಲ ತಿಳಿಯಿತು. ತಿಳಿಯದೆ ಉಳಿದದ್ದು ಕೊನೆಯ ಸಾಲು. ‘ಡೂ ದ ನೀಡ್‌ಫುಲ್’ ಅಂದರೆ ಏನು ಮಾಡಬೇಕು? ಕೆಲಸ ಕೊಡಬೇಕೆ, ಸಂದರ್ಶನಕ್ಕೆ ಕರೆಯಬೇಕೆ, ಅರ್ಜಿ ತಲುಪಿತು ಎಂದು ತಿಳಿಸಿದರೆ ಸಾಕೆ? ಬರೆದವನಿಗೇ ಖಚಿತವಿಲ್ಲ. ಬ್ರಿಟನ್ನಿನಲ್ಲಿ ಇದು ಒಂದು ಕಾಲಕ್ಕೆ ಚಾಲ್ತಿಯಲ್ಲಿದ್ದ ನುಡಿ. ಅಲ್ಲಿ ಹಳತಾಗಿ ಮೂಲೆ ಸೇರಿತು. ನಮ್ಮ ಕಚೇರಿಗಳಲ್ಲಿ ಇದರ ಜೋಡಿಯಾಗಿ ‘ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು’ ಕೂಡ ಬೇರೂರಿದೆ. ಯಾರು, ಯಾವ ಕ್ರಮ, ಎಷ್ಟರೊಳಗೆ? ಮೂರನ್ನೂ ನುಂಗಿಹಾಕುವ ಮಾತು ಅದು. ಕಡತ ಮೇಜಿಂದ ಮೇಜಿಗೆ ಸಾಗಲು ಇಂಥ ನುಡಿ ಬಲು ಅನುಕೂಲ, ಯಾರ ಮೇಲೂ ಹೊಣೆ ಬೀಳುವುದಿಲ್ಲ.

‘ಔಟ್ ಆಫ್ ಸ್ಟೇಷನ್’ ಕೂಡ ಇದೇ ಸಂತತಿ. ‘ಸ್ಟೇಷನ್’ ಎಂದರೆ ರೈಲು ನಿಲ್ದಾಣವಲ್ಲ, ಬ್ರಿಟಿಷ್ ಅಧಿಕಾರಿಗಳು, ಸೈನಿಕರು ನೇಮಕವಾದ ಠಾಣ್ಯ. 1809ರಲ್ಲಿ ದಂಡು ಬಂದು ನೆಲೆಸಿದ ಬೆಂಗಳೂರು ಅಂಥದೊಂದು. ಇವತ್ತು ಊರಲ್ಲಿಲ್ಲದವರು ‘ಐ ಆಮ್ ಔಟ್ ಆಫ್ ಟೌನ್’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ‘ಪಾಸ್ಡ್ ಔಟ್’ಗೂ ಸೈನ್ಯದ ನಂಟಿದೆ, ತರಬೇತಿ ಮುಗಿಸಿದ ಕೆಡೆಟ್‌ಗಳ ‘ಪಾಸಿಂಗ್ ಔಟ್ ಪರೇಡ್’ ಇಂದಿಗೂ ನಡೆಯುತ್ತದೆ. ಮಿಕ್ಕ ಕಡೆ ಆ ಮಾತಿಗೆ ಪ್ರಜ್ಞೆ ತಪ್ಪಿ ಬಿದ್ದ ಎಂಬ ಅರ್ಥವೇ ಮುಂದು. 2022ರಲ್ಲಿ ಮೂರ್ಛೆ ಹೋದವನೆಂದು ವಿದೇಶಿ ಮ್ಯಾನೇಜರ್ ತಿಳಿಯದಿರಲಿ, ‘ಐ ಕಂಪ್ಲೀಟೆಡ್ ಮೈ ಐಟಿಐ ಇನ್ 2022’ ಎಂದು ಬರೆಯಿರಿ.

ಮುಚ್ಚಿಡುವ ಭಾಷೆ ನಮ್ಮೊಬ್ಬರ ಕಾಯಿಲೆಯಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರ ಬರಹ ಎಷ್ಟು ಹದಗೆಟ್ಟಿತ್ತೆಂದರೆ ಅಲ್ಲಿನ ಖಜಾನೆ ಇಲಾಖೆ ಹಿರಿಯ ಅಧಿಕಾರಿ ಅರ್ನೆಸ್ಟ್ ಗವರ್ಸ್ ಅವರಿಂದ ಒಂದು ಕೈಪಿಡಿ ಬರೆಸಿತು. 1948ರಲ್ಲಿ ಬಂದ ಆ ‘ಪ್ಲೇನ್ ವರ್ಡ್ಸ್’ ಇಂದಿಗೂ ಓದಿಸಿಕೊಳ್ಳುತ್ತದೆ. ಅಮೆರಿಕ 2010ರಲ್ಲಿ ಸರಳ ಬರವಣಿಗೆಗೆ ಕಾಯ್ದೆಯನ್ನೇ ತಂದಿತು. ನಮ್ಮಲ್ಲಿ 2007–08ರಿಂದ ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಅರ್ಜಿಯ ಮಾದರಿ ಮಾತ್ರ ಅಜ್ಜನ ಕಾಲದ್ದೇ ಉಳಿಯಿತು.

ಮಂಜುನಾಥನ ಕಾಗದವನ್ನು ಹೀಗೆ ಬರೆಯಬಹುದು:

‘ಐ ಆಮ್ ಅಪ್ಲೈಯಿಂಗ್ ಫಾರ್ ದ ಫಿಟ್ಟರ್ ಪೋಸ್ಟ್. ಐ ಕಂಪ್ಲೀಟೆಡ್ ಮೈ ಐಟಿಐ ಇನ್ 2022 ಅಂಡ್ ಹ್ಯಾವ್ ಒನ್ ಇಯರ್ಸ್ ಎಕ್ಸ್‌ಪೀರಿಯನ್ಸ್. ಐ ಲಿವ್ ಇನ್ ಜಡಿಗೇನಹಳ್ಳಿ ಅಂಡ್ ಕ್ಯಾನ್ ವರ್ಕ್ ಎನಿ ಶಿಫ್ಟ್. ಪ್ಲೀಸ್ ಲೆಟ್ ಮಿ ನೋ ವೆನ್ ಐ ಕ್ಯಾನ್ ಕಮ್ ಫಾರ್ ಆನ್ ಇಂಟರ್‌ವ್ಯೂ.’

ಸಂದರ್ಶನದ ದಿನ ತಿಳಿಸಿ ಎಂದು ಕೇಳಿದ್ದಾನೆ. ಓದಿದವರು ಉತ್ತರಿಸಬಹುದು. ‘ರಿವರ್ಟ್ ಬ್ಯಾಕ್’ ಬಿದ್ದುಹೋಯಿತು. ‘ರಿವರ್ಟ್’ ಎಂದರೇ ಹಿಂದಕ್ಕೆ ಮರಳುವುದು, ಅದಕ್ಕೆ ಮತ್ತೆ ‘ಬ್ಯಾಕ್’ ಹಚ್ಚುವುದು ‘ಹಿಂದಕ್ಕೆ ಹಿಮ್ಮರಳಿ’ ಎಂದಂತೆ.

ಎರಡು ಎಚ್ಚರಿಕೆ. ಜಡಿಗೇನಹಳ್ಳಿಯ ನಾಡಕಚೇರಿಗೋ ಹೊಸಕೋಟೆಯ ತಾಲ್ಲೂಕು ಕಚೇರಿಗೋ ಬರೆಯುವ ಅರ್ಜಿಗೆ ಇಂಗ್ಲಿಷ್ ಬೇಕೇ ಇಲ್ಲ. 1963ರ ರಾಜಭಾಷಾ ಕಾಯ್ದೆಯ ಪ್ರಕಾರ ರಾಜ್ಯದ ಆಡಳಿತ ಭಾಷೆ ಕನ್ನಡ. ತೊಡಕಿನ ಇಂಗ್ಲಿಷಿಗೆ ಅಲ್ಲಿ ಅತಿ ಒಳ್ಳೆಯ ಬದಲಿ ಕನ್ನಡವೇ. ಇನ್ನು, ಕನ್ನಡದೊಳಗೆ ಆಡುವ ‘ಕರೆಂಟ್ ಹೋಯ್ತು’, ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಮುಂತಾದವನ್ನು ತಿದ್ದಲು ಹೋಗಬೇಡಿ. ಅವು ಕನ್ನಡದ ಮಾತುಗಳಾಗಿ ಎಷ್ಟೋ ಕಾಲವಾಯಿತು.

ಕನ್ನಡದ ಲಯ ಇಂಗ್ಲಿಷಿಗೆ ಬರಲೇಬಾರದು ಎಂದೂ ಅಲ್ಲ. ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲಿ ಪ್ರಕಟಿಸಿದ ‘ಕಾಂತಾಪುರ’ ಕಾದಂಬರಿಯಲ್ಲಿ ಹಳ್ಳಿಯ ಅಜ್ಜಿಯೊಬ್ಬಳು ಕತೆ ಹೇಳುತ್ತಾಳೆ. ಉಸಿರುಬಿಡದೆ ಸಾಗುವ ಅವಳ ಇಂಗ್ಲಿಷ್ ವಾಕ್ಯಗಳಲ್ಲಿ ಕನ್ನಡ ಕೇಳಿಸುತ್ತದೆ. ಅದು ಗೊತ್ತಿದ್ದು ಮಾಡಿದ ಕೆಲಸ. ಫಿಟ್ಟರ್ ಹುದ್ದೆಯ ಅರ್ಜಿಗೆ ಆ ಸವಲತ್ತಿಲ್ಲ.

ಕೊನೆಗೆ, ಇಂಗ್ಲಿಷ್ ಕೈಚೆಲ್ಲುವ ಒಂದು ಪ್ರಸಂಗ. ಜಡಿಗೇನಹಳ್ಳಿಯ ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂತು. ಕನ್ನಡಕ್ಕೆ ಅದನ್ನು ತಂದವರಲ್ಲಿ ಅವರು ಎಷ್ಟನೆಯವರು? ಈ ‘ಎಷ್ಟನೆಯ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಹಗುರಾದ ಪದವಿಲ್ಲ. ‘ಹೌ ಮೆನಿಯತ್’ ಎಂದು ಹುಡುಗರು ಹೊಸೆಯುತ್ತಾರೆ, ಅದು ನಡೆಯದು. ವಾಕ್ಯವನ್ನೇ ಮುರಿದು ಕಟ್ಟಬೇಕು: ‘ಹೌ ಮೆನಿ ಕನ್ನಡ ರೈಟರ್ಸ್ ಹ್ಯಾಡ್ ವನ್ ದ ಜ್ಞಾನಪೀಠ ಬಿಫೋರ್ ಮಾಸ್ತಿ?’ ಕುವೆಂಪು, ಬೇಂದ್ರೆ, ಕಾರಂತ. ಉತ್ತರ ಮೂರು ಎಂದು ಬರುತ್ತದೆ. ಅದಕ್ಕೆ ಒಂದು ಕೂಡಿಸಿಕೊಳ್ಳುವುದು ಕೇಳಿದವರ ಪಾಲಿನ ಕೆಲಸ.