ಪೈಪಿನೊಳಗೆ ಕೂತ ಗಾಳಿ

ಆಗಸ್ಟ್ ತಿಂಗಳು. ಮಡಿಕೇರಿಯಿಂದ ತುಸು ದೂರದ ನೆಂಟರ ತೋಟದ ಮನೆ. ಹೊರಗೆ ಮೂರು ದಿನದಿಂದ ಬಿಡದ ಮಳೆ, ಒಳಗೆ ಬಚ್ಚಲಿನ ನಲ್ಲಿಯಲ್ಲಿ ಪೆನ್ಸಿಲಿನಷ್ಟು ಸಣ್ಣಗೆ ನೀರು. 15 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದೆ. ತುಂಬಲು ಆರು ನಿಮಿಷ ಹಿಡಿಯಿತು. ಮನೆಯವರು ಆಗಲೇ ಪ್ರೆಶರ್ ಪಂಪಿನ ಬೆಲೆ ವಿಚಾರಿಸಿಟ್ಟಿದ್ದರು.

ಕೊಡಗಿನಲ್ಲಿ ಇಂಥ ಮನೆಗಳು ಬಹಳ. ಗುಡ್ಡದ ಮೇಲಿನ ಒರತೆಗೆ ಸಣ್ಣ ತೊಟ್ಟಿ ಕಟ್ಟಿ, ಅಲ್ಲಿಂದ ಕಪ್ಪು ಪೈಪು ಎಳೆದು, ಕಾಫಿ ಗಿಡಗಳ ಬುಡದಲ್ಲೇ ಹಾಯಿಸಿ ಮನೆಗೆ ತಂದಿರುತ್ತಾರೆ. ಕರೆಂಟು ಬೇಡ, ಮೋಟಾರು ಬೇಡ, ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ಈ ವ್ಯವಸ್ಥೆ ಕೈಕೊಟ್ಟಾಗ ಪಂಪಿನತ್ತ ಓಡುವ ಮೊದಲು ಅದರ ಭೌತವಿಜ್ಞಾನವನ್ನು ಸ್ವಲ್ಪ ತಿಳಿದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒತ್ತಡ ಬೇರೆ, ಹರಿವು ಬೇರೆ. ನಿಂತ ನೀರಿನಲ್ಲಿ 10 ಮೀಟರ್ ಎತ್ತರಕ್ಕೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋ ಒತ್ತಡ ಬೀಳುತ್ತದೆ. ಪೈಪು ದಪ್ಪವಿರಲಿ, ಸಣ್ಣದಿರಲಿ, ಆ ಲೆಕ್ಕ ಬದಲಾಗದು. ನಲ್ಲಿ ತಿರುಗಿಸಿ ನೀರು ಓಡಲು ಶುರುವಾದ ಮೇಲೆ ಪೈಪಿನ ಗೋಡೆಗಳ ತಿಕ್ಕಾಟ ಆ ಒತ್ತಡವನ್ನು ತಿನ್ನುತ್ತದೆ. ಇದರಿಂದಲೇ ಒಂದು ಸುಲಭ ಪರೀಕ್ಷೆ ಹುಟ್ಟುತ್ತದೆ. ನಲ್ಲಿಯನ್ನು ಹತ್ತು ನಿಮಿಷ ಮುಚ್ಚಿಟ್ಟು ಥಟ್ಟನೆ ತೆರೆಯಿರಿ. ಮೊದಲ ಕ್ಷಣ ರಭಸವಾಗಿ ಚಿಮ್ಮಿ ಆಮೇಲೆ ಸೊರಗಿದರೆ ಒತ್ತಡ ಇದೆ, ದಾರಿ ಕಿರಿದಾಗಿದೆ ಎಂದರ್ಥ. ಮೊದಲಿಂದಲೇ ಸಪ್ಪೆಯಾಗಿದ್ದರೆ, ಅಥವಾ ಕೆಮ್ಮಿದಂತೆ ಸದ್ದು ಮಾಡಿ ಬಿಟ್ಟು ಬಿಟ್ಟು ಬಂದರೆ, ತೊಂದರೆ ಮೇಲಿದೆ.

ಒಂದೇ ನಲ್ಲಿಯಲ್ಲಿ ಮಾತ್ರ ನೀರು ಸಣ್ಣಗಿದ್ದರೆ ಚಿಂತೆ ಬೇಡ. ನಲ್ಲಿಯ ಮೂತಿಯ ಜಾಲರಿ ಬಿಚ್ಚಿ ನೋಡಿ, ಮಳೆಗಾಲದಲ್ಲಿ ಅಲ್ಲಿ ಒಂದು ಚಿಟಿಕೆ ಮರಳು ಸಿಕ್ಕೇ ಸಿಗುತ್ತದೆ. ಬಿಸಿನೀರಿನ ಕಡೆ ಮಾತ್ರ ಕಡಿಮೆಯಿದ್ದರೆ ಗೀಸರಿನ ದಾರಿ ನೋಡಬೇಕು. ಹಳೆಯ ಗೇಟ್ ವಾಲ್ವಿನದು ಒಂದು ಮೋಸವಿದೆ: ಒಳಗಿನ ತಟ್ಟೆ ಕಳಚಿ ಬಿದ್ದಿರುತ್ತದೆ, ಹಿಡಿ ಮಾತ್ರ ಸರಾಗವಾಗಿ ತಿರುಗುತ್ತಲೇ ಇರುತ್ತದೆ.

ಮನೆಯ ಎಲ್ಲ ನಲ್ಲಿಗಳೂ ವರ್ಷದಿಂದ ವರ್ಷಕ್ಕೆ ಸೊರಗುತ್ತಿದ್ದರೆ, ಕಬ್ಬಿಣದ ಜಿಐ ಪೈಪಿನ ಮೇಲೆ ಅನುಮಾನ ಪಡಬೇಕು. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು, ಅಲ್ಲಿ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಕೊಡಗಿನ ಒರತೆ ನೀರು ಸಾಮಾನ್ಯವಾಗಿ ಮೆದು. ಇಲ್ಲಿನ ಬಂಡೆಗಳಲ್ಲಿ ಸುಣ್ಣದಂಶ ಕಡಿಮೆ, ಜೊತೆಗೆ ಕೊಳೆತ ಎಲೆಯ ಮಣ್ಣಿನಲ್ಲಿ ಇಳಿದು ಬರುವಾಗ ನೀರು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಅಂಥ ನೀರು ಸುಣ್ಣ ಕಟ್ಟುವುದಿಲ್ಲ, ಸತುವಿನ ಲೇಪವನ್ನು ಸವೆಸಿ ಕಬ್ಬಿಣವನ್ನೇ ತಿನ್ನುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ಪೈಪಿನೊಳಗೆ ಗಂಟು ಗಂಟಾಗಿ ಕೂರುತ್ತದೆ. 20 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಸುತ್ತಲೂ 3 ಮಿಲಿಮೀಟರ್ ತುಕ್ಕು ಕಟ್ಟಿತೆಂದುಕೊಳ್ಳಿ, ಉಳಿಯುವ ದಾರಿ 14. ನೀರು ಸರಬರಾಜಿನ ಎಂಜಿನಿಯರುಗಳು ಬಳಸುವ ಹೇಜನ್-ವಿಲಿಯಮ್ಸ್ ಸೂತ್ರದ ಪ್ರಕಾರ ಹರಿವು ಸುಮಾರು ಶೇಕಡ 40ಕ್ಕೆ ಇಳಿಯುತ್ತದೆ. ಒಳಗೋಡೆ ಒರಟಾದ್ದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ. ಅದೇ ಸೂತ್ರದಂತೆ ವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಆರರಲ್ಲಿ ಒಂದು ಪಾಲಾಗುತ್ತದೆ. ಒಂದಿಂಚಿನ ಲೈನಿನ ನಡುವೆ ಅರ್ಧ ಇಂಚು ವ್ಯಾಸದ ಉದ್ದನೆಯ ತುಂಡು ಸೇರಿಸಿ ರಿಪೇರಿ ಮಾಡುವವರು ಇದನ್ನು ನೆನಪಿಡಬೇಕು.

ನಮ್ಮ ನೆಂಟರ ಮನೆಯಲ್ಲಿ ಕಬ್ಬಿಣದ ಪೈಪೇ ಇರಲಿಲ್ಲ. ಎಲ್ಲ ನಲ್ಲಿಯಲ್ಲೂ ಸಪ್ಪೆ ನೀರು, ಆಗಾಗ ಕೆಮ್ಮು. ತೋಟ ನೋಡಿಕೊಳ್ಳುವ ಹಿರಿಯರು ಒಂದೇ ಮಾತಿನಲ್ಲಿ ಹೇಳಿದರು: "ನೀರಿಲ್ಲದ್ದಲ್ಲ ಸಾರ್, ಏರ್ ಕಟ್ಟಿದೆ." ಕೊಡೆ ಹಿಡಿದು ಅವರ ಹಿಂದೆ ಗುಡ್ಡ ಹತ್ತಿದೆ. ಒರತೆಯ ತೊಟ್ಟಿ ತುಂಬಿ ತುಳುಕುತ್ತಿತ್ತು. ಪಕ್ಕದ ತೋಡಿನಂಚಿನಲ್ಲಿ ಕಿತ್ತಳೆ ಬಣ್ಣದ ಲೋಳೆ, ಮೇಲೆ ಎಣ್ಣೆಯಂತೆ ಮಿನುಗುವ ಪೊರೆ. ಕಡ್ಡಿಯಿಂದ ತಟ್ಟಿದಾಗ ಪೊರೆ ಗಾಜಿನಂತೆ ಚೂರಾಯಿತು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ನೀರಿನಲ್ಲಿ ಕರಗಿದ ಕಬ್ಬಿಣದಿಂದ ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ಆ ಲೋಳೆ ಪೈಪಿನ ಬಾಯಿಯ ಜಾಲರಿಗೂ ಅಂಟಿ ದಾರಿ ಕಟ್ಟುತ್ತದೆ, ಹಾಗಾಗಿ ಜಾಲರಿಯನ್ನು ಉಜ್ಜಿ ತೊಳೆದೆವು. ನಲ್ಲಿಯ ಹರಿವು ಹೆಚ್ಚಲಿಲ್ಲ.

ಪೈಪಿನ ಜಾಡು ಹಿಡಿದು ಇಳಿದಾಗ ಗುಟ್ಟು ಕಂಡಿತು. ಕಳೆದ ಮಳೆಗೆ ಸ್ವಲ್ಪ ಮಣ್ಣು ಕುಸಿದ ಜಾಗದಲ್ಲಿ ಪೈಪನ್ನು ದಿಬ್ಬದ ಮೇಲಿಂದ ಸುತ್ತಿ ತಂದಿದ್ದರು. ಮುಂದೆ ಇನ್ನೊಂದು ದಿಬ್ಬ. ಎರಡೂ ಒರತೆಗಿಂತ ಕೆಳಗೇ ಇದ್ದವು. ಆದರೆ ನೀರಿನ ಜೊತೆ ಬಂದ ಗುಳ್ಳೆಗಳು, ಬಿಸಿಲಿಗೆ ಕಾದ ಪೈಪಿನಲ್ಲಿ ನೀರಿನಿಂದ ಬಿಡುಗಡೆಯಾದ ಗಾಳಿ, ಎಲ್ಲವೂ ಎತ್ತರದ ಜಾಗ ಹುಡುಕಿ ಕೂರುತ್ತವೆ. ನೀರು ದಿಬ್ಬ ದಾಟಿ ಆ ಗಾಳಿಯ ಅಡಿಯಲ್ಲಿ ತೆಳ್ಳಗೆ ಜಾರುತ್ತದೆ. ಇಳಿಜಾರಿನಲ್ಲಿ ತುಂಬಿದ ನೀರಾಗಿದ್ದರೆ ತನ್ನ ಭಾರದಿಂದ ಮುಂದಿನದನ್ನು ತಳ್ಳುತ್ತಿತ್ತು. ಗಾಳಿಗೆ ಆ ಭಾರವಿಲ್ಲ. ಆದ್ದರಿಂದ ಗಾಳಿ ತುಂಬಿದ ಇಳಿಜಾರಿನ ಎತ್ತರವಷ್ಟೂ ಲೆಕ್ಕದಿಂದ ಕಳೆದುಹೋಗುತ್ತದೆ. ಒರತೆ ಮನೆಗಿಂತ 12 ಮೀಟರ್ ಮೇಲಿದ್ದು, ಒಂದು ಇಳಿಜಾರಿನಲ್ಲಿ 5 ಮೀಟರ್, ಇನ್ನೊಂದರಲ್ಲಿ 7 ಮೀಟರ್ ಗಾಳಿ ನಿಂತರೆ, ತೊಟ್ಟಿ ತುಳುಕುತ್ತಿದ್ದರೂ ನಲ್ಲಿಗೆ ಹನಿಯೂ ಬಾರದು.

ಮನೆಯ ಬಳಿ ಪಂಪು ಕೂರಿಸಿ ಎಳೆದರೆ ಇದು ಬಗೆಹರಿಯುವುದೂ ಖಚಿತವಿಲ್ಲ. ಎಳೆತಕ್ಕೆ ಸಡಿಲ ಜಾಯಿಂಟುಗಳಲ್ಲಿ ಇನ್ನಷ್ಟು ಗಾಳಿ ನುಗ್ಗುತ್ತದೆ, ತೆಳು ಪೈಪು ಚಪ್ಪಟೆಯಾಗಲೂಬಹುದು. ಎಳೆಯುವ ಪಂಪು ನೀರೆತ್ತುವುದು ವಾತಾವರಣದ ಒತ್ತಡದ ಬಲದಿಂದ. ಸಮುದ್ರಮಟ್ಟದಲ್ಲಿ ಅದರ ಮಿತಿ 10.3 ಮೀಟರ್, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಹೆಚ್ಚುಕಡಿಮೆ 9 ಮೀಟರ್ ಮಾತ್ರ. ಪಂಪು ಬೇಕೇ ಬೇಕೆಂದರೆ ಅದು ನೀರಿನ ಬದಿಯಲ್ಲಿ ಕೂತು ತಳ್ಳಬೇಕು.

ಗಾಳಿ ಬಿಡಿಸಲು ಬಿಸಿ ಮೊಳೆಯಿಂದ ದಿಬ್ಬದ ಮೇಲೆ ಪೈಪಿಗೆ ತೂತು ಚುಚ್ಚುವ ಪದ್ಧತಿಯೂ ಇದೆ. ಆದರೆ ನೀರು ಹರಿಯುತ್ತಿರುವಾಗ ದಿಬ್ಬದಲ್ಲಿ ಒತ್ತಡ ಹೊರಗಿನದಕ್ಕಿಂತ ಇಳಿದಿದ್ದರೆ ಆ ತೂತು ಗಾಳಿಯನ್ನು ಹೊರಗೆ ಬಿಡುವ ಬದಲು ಒಳಗೆ ಎಳೆಯುತ್ತದೆ. ಅದಕ್ಕೇ ಹಿರಿಯರು ಮೊದಲು ಮನೆಯ ಬಳಿಯ ವಾಲ್ವ್ ಮುಚ್ಚಿಸಿದರು. ಹರಿವು ನಿಂತರೆ ಒರತೆಯ ಪೂರ್ತಿ ಎತ್ತರದ ಒತ್ತಡ ದಿಬ್ಬದ ಮೇಲೆ ಬೀಳುತ್ತದೆ. ಒರತೆಗೆ ಹತ್ತಿರದ ದಿಬ್ಬದಲ್ಲಿ ಪೈಪು ಕತ್ತರಿಸಿ ಟೀ ಜೋಡಿಸಿ, ಅದಕ್ಕೊಂದು ಪುಟ್ಟ ವಾಲ್ವ್ ಹಾಕಿ ತಿರುಗಿಸಿದರು. ಪ್ರೆಶರ್ ಕುಕ್ಕರಿನ ಹಾಗೆ ಉಸ್ಸೆಂದು ಗಾಳಿ ಹೊರಟಿತು. ಒಂದು ನಿಮಿಷ, ಎರಡು ನಿಮಿಷ. ನಡುನಡುವೆ ನೀರು ಸಿಡಿಯಿತು, ಮತ್ತೆ ಗಾಳಿ, ಕೊನೆಗೆ ಎಡೆಬಿಡದ ನೀರಿನ ಎಳೆ. ವಾಲ್ವ್ ಮುಚ್ಚಿ ಎರಡನೇ ದಿಬ್ಬಕ್ಕೆ ನಡೆದೆವು.

ಮನೆಗೆ ಬಂದು ಅದೇ ಬಕೆಟ್ ಅದೇ ನಲ್ಲಿಯಡಿ ಇಟ್ಟೆ. ಒಂದು ನಿಮಿಷ ಹತ್ತು ಸೆಕೆಂಡಿಗೆ ತುಂಬಿತು.