ಚದುರಿದ ಮನಸ್ಸನ್ನು ಕೂಡಿಸುವ ಬಗೆ



ನಮ್ಮ ಕೊಳತ್ತೂರಿನ ಸಮೀಪದಲ್ಲೇ ಕಾವೇರಿಗೆ ಕಟ್ಟಿದ ಮೆಟ್ಟೂರು ಅಣೆಕಟ್ಟೆ 1934ರಲ್ಲಿ ಪೂರ್ಣಗೊಂಡಿತು. ಅಣೆಕಟ್ಟೆ ನೀರನ್ನು ಹುಟ್ಟಿಸುವುದಿಲ್ಲ. ಬಂದ ನೀರೆಲ್ಲ ಹರಿದುಹೋಗದಂತೆ 120 ಅಡಿಯವರೆಗೆ ಕೂಡಿಸಿಟ್ಟು, ತಂಜಾವೂರಿನ ಗದ್ದೆಗಳಿಗೆ ಬಿಡುತ್ತದೆ. ಮನಸ್ಸಿನ ಶಕ್ತಿಯೂ ಹೀಗೆಯೇ. ಬುದ್ಧಿ ಎಲ್ಲರಲ್ಲೂ ಉಂಟು. ಅದನ್ನು ಒಂದು ವಿಷಯದಲ್ಲಿ ನಿಲ್ಲಿಸುವುದೇ ಕಷ್ಟ.

ಪುಸ್ತಕ ತೆರೆದು ಐದು ನಿಮಿಷವಾಗುವುದರೊಳಗೆ ಮೊಬೈಲ್ ಫೋನ್ ಕರೆಯುತ್ತದೆ. ಅದನ್ನು ನೋಡಿ ಮುಗಿಸುವಷ್ಟರಲ್ಲಿ ಅಂಗಡಿಗೆ ಹೋಗಿಬರುವ ಕೆಲಸ ಬರುತ್ತದೆ. "ನಮ್ಮ ಮಗುವಿಗೆ ಏಕಾಗ್ರತೆಯೇ ಇಲ್ಲ" ಎಂದು ಹಿರಿಯರು ಕೊರಗುತ್ತಾರೆ. ಹಾಗಾದರೆ ಏಕಾಗ್ರತೆ ಎಂಬುದು ನಿಶ್ಶಬ್ದವಾದ ದೊಡ್ಡ ಮನೆಯಲ್ಲಿರುವವರಿಗೆ ಮಾತ್ರ ಸಿಗುವ ಭಾಗ್ಯವೇ? ಅಲ್ಲವೆಂಬುದಕ್ಕೆ ನಮ್ಮ ಭಾಷೆಯಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಅದೇ ಅವಧಾನ ಕಲೆ.

ಅವಧಾನ ಎಂದರೆ ಗಮನ, ಎಚ್ಚರ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕುಳಿತಿರುತ್ತಾರೆ. ಒಬ್ಬರು ಅರ್ಥವಿಲ್ಲದಂತೆ ತೋರುವ ಒಂದು ಸಾಲನ್ನು ಕೊಟ್ಟು, ಅದಕ್ಕೆ ಅರ್ಥ ಬರುವಂತೆ ಪದ್ಯ ಪೂರ್ತಿ ಮಾಡಿ ಎನ್ನುತ್ತಾರೆ. ಇನ್ನೊಬ್ಬರು ಹೆಜ್ಜೆಹೆಜ್ಜೆಗೂ ಒಂದು ಅಕ್ಷರವನ್ನು ಬಳಸಬಾರದೆಂದು ತಡೆಯುತ್ತಾರೆ. ಮತ್ತೊಬ್ಬರು ಸಂಖ್ಯೆಗಳ ಚೌಕವನ್ನು ತುಂಬಿಸುತ್ತಾರೆ. ಇದೆಲ್ಲದರ ನಡುವೆ ಒಬ್ಬರು ಅಡುಗೆ, ಸಿನಿಮಾ ಎಂದು ಸಂಬಂಧವಿಲ್ಲದ ಮಾತು ತೆಗೆದು ಅಡ್ಡಿಪಡಿಸುತ್ತಲೇ ಇರುತ್ತಾರೆ. ಇದಕ್ಕೆ ಅಪ್ರಸ್ತುತ ಪ್ರಸಂಗ ಎಂದು ಹೆಸರು. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ಆದರೂ ಕೊನೆಗೆ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸಬೇಕು.

ಕೋಲಾರದಲ್ಲಿ 1962ರಲ್ಲಿ ಜನಿಸಿದ ಡಾ. ಆರ್. ಗಣೇಶ್ ಅವರು ಓದಿದ್ದು ಎಂಜಿನಿಯರಿಂಗ್. ಅವರು ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿದ್ದಾರೆ. 2012ರಲ್ಲಿ ಬೆಂಗಳೂರಿನಲ್ಲಿ ನೂರು ಪೃಚ್ಛಕರ ಶತಾವಧಾನವನ್ನು ಪೂರ್ತಿಯಾಗಿ ಕನ್ನಡದಲ್ಲೇ ನಡೆಸಿದರು.

ಇಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಅವಧಾನಿಗೆ ಅಡ್ಡಿಗಳು ತಪ್ಪುವುದಿಲ್ಲ. ಆದರೆ ಆತ ಒಬ್ಬೊಬ್ಬರಿಗೂ ಪ್ರತಿ ಸುತ್ತಿನಲ್ಲಿ ಪದ್ಯದ ಒಂದು ಪಾದವನ್ನು ಮುಗಿಸಿಯೇ ಮುಂದಕ್ಕೆ ಹೋಗುತ್ತಾನೆ. ಎಲ್ಲಿ ಬಿಟ್ಟೆನೆಂಬುದು ಗೊತ್ತಿರುವುದರಿಂದ ಅಲ್ಲಿಗೇ ಮರಳುತ್ತಾನೆ. ಏಕಾಗ್ರತೆಯೆಂದರೆ ಮನಸ್ಸು ಎಂದೂ ಅಲುಗದಿರುವುದಲ್ಲ. ಅಲುಗಿದ ಮನಸ್ಸನ್ನು ಬಿಟ್ಟ ಜಾಗಕ್ಕೇ ಮರಳಿ ತರುವುದು.

ವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಳೆಯ ಕೆಲಸದಲ್ಲೇ ಉಳಿಯುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಏಳುವ ಮುನ್ನ ಎಲ್ಲಿಗೆ ಬಂದಿದ್ದೇವೆ, ಮುಂದೇನು ಮಾಡಬೇಕು ಎಂದು ಬರೆದಿಟ್ಟರೆ ಈ ತೊಡಕು ಕಡಿಮೆಯಾಗುತ್ತದೆಂದು ಅವರು ಸಹಸಂಶೋಧಕಿಯೊಡನೆ 2018ರಲ್ಲಿ ಪ್ರಕಟಿಸಿದರು.

ಆದ್ದರಿಂದ ಮಿತ್ರರೇ, ಮೂರು ಅಭ್ಯಾಸಗಳನ್ನು ಮಾಡಿಕೊಳ್ಳಿರಿ. ಮೊದಲನೆಯದು, ಓದುವಾಗ ಯಾರಾದರೂ ಕರೆದರೆ, ಏಳುವ ಮುನ್ನ ನೋಟುಪುಸ್ತಕದ ಅಂಚಿನಲ್ಲಿ ಒಂದು ಸಾಲು ಬರೆಯಿರಿ: "ಮೂರನೆಯ ಲೆಕ್ಕ, ಸೂತ್ರ ಹಾಕಿದೆ, ಬೆಲೆ ಹಾಕಬೇಕು." ಎರಡನೆಯದು, ಓದುವ ಹೊತ್ತಿನಲ್ಲಿ ಫೋನನ್ನು ಬೇರೆ ಕೋಣೆಯಲ್ಲೋ, ಒಂದೇ ಕೋಣೆಯ ಮನೆಯಾದರೆ ಅಮ್ಮನ ವಶದಲ್ಲೋ ಇಡಿರಿ. ಮೂರನೆಯದು, ಕಠಿಣವಾದ ಪ್ರಶ್ನೆ ಎದುರಾದರೆ ಕೂಡಲೇ ಉತ್ತರ ನೋಡಬೇಡಿರಿ. ಇಪ್ಪತ್ತು ನಿಮಿಷ ಅದರೊಂದಿಗೇ ಕುಳಿತುಕೊಳ್ಳಿರಿ. ಅರ್ಥವಿಲ್ಲದ ಸಾಲಿಗೆ ಅವಧಾನಿ ಅರ್ಥ ಹುಡುಕುವಂತೆ, ಇದೇಕೆ ಹೀಗೆ, ಬೇರೆ ದಾರಿಯುಂಟೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಫೋನಿನಲ್ಲಿ ಉತ್ತರ ಕ್ಷಣದಲ್ಲಿ ಸಿಗುತ್ತದೆ. ಯೋಚಿಸುವ ಶಕ್ತಿ ಹಾಗೆ ಸಿಗುವುದಿಲ್ಲ.

ಪೋಷಕರಲ್ಲಿಯೂ ಒಂದು ವಿನಂತಿ. ಮಕ್ಕಳು ಮನೆಗೆಲಸ ಮಾಡಬಾರದೆಂದಲ್ಲ. ನೀರು ತರಬೇಕು, ಆಡುಗಳನ್ನು ಕಟ್ಟಬೇಕು, ತಮ್ಮತಂಗಿಯರನ್ನು ನೋಡಿಕೊಳ್ಳಬೇಕು. ಆದರೆ ಕರೆದ ಮೇಲೆ ಆ ಒಂದು ಸಾಲು ಬರೆದುಕೊಳ್ಳುವಷ್ಟು ಹೊತ್ತು ಕಾಯಿರಿ. ಮಗು ಸುಮ್ಮನೆ ಗೋಡೆ ನೋಡುತ್ತ ಕುಳಿತಿದ್ದರೆ ಸೋಮಾರಿಯೆಂದು ಗದರುವ ಮೊದಲು, ಏನು ಯೋಚಿಸುತ್ತಿದ್ದೀಯೆಂದು ಕೇಳಿರಿ.

ಗದ್ದಲ ನಮ್ಮ ಮನೆಗಳಲ್ಲಿ ಇದ್ದದ್ದೇ. ಅದರ ನಡುವೆಯೂ ಮರಳಿ ಬರಲು ಕಲಿತವರು ಎಲ್ಲಿ ಕುಳಿತರೂ ಓದಬಲ್ಲರು.