ದೂರಿಗೂ ಮುಂಚಿನ ಮಾತು

ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಬದುಕಿನಲ್ಲಿ ಮಾರ್ಗದರ್ಶಕರ ಸಹಿಗೆ ಇರುವ ಬೆಲೆ ಹೊರಗಿನವರಿಗೆ ಸುಲಭವಾಗಿ ಅರ್ಥವಾಗದು. ಪ್ರಗತಿ ವರದಿಗೆ ಆ ಸಹಿ ಬೇಕು, ಶಿಷ್ಯವೇತನ ಕೈಸೇರಲು ಬೇಕು, ಕೊನೆಗೆ ಪ್ರಬಂಧ ಸಲ್ಲಿಸಲೂ ಬೇಕು. ಸಹಿ ಹಾಕುವ ವ್ಯಕ್ತಿಯೇ ಅಸಭ್ಯವಾಗಿ ವರ್ತಿಸಿದರೆ, ಇಲ್ಲವೇ ಜಾತಿ ಹಿಡಿದು ಹೀಯಾಳಿಸಿದರೆ ಆಕೆ ಯಾರಲ್ಲಿ ಹೇಳಿಕೊಳ್ಳಬೇಕು? ‘ಸಮಿತಿ ಇದೆಯಲ್ಲ, ದೂರು ಕೊಡಲಿ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಆದರೆ ದೂರು ಕೊಡಬೇಕೇ ಬೇಡವೇ, ಕೊಟ್ಟರೆ ಮುಂದೇನಾಗುತ್ತದೆ ಎಂದು ನಿರ್ಭಯವಾಗಿ ಕೇಳಬಲ್ಲ ಒಂದು ಜಾಗ ಆಕೆಗೆ ಅದಕ್ಕೂ ಮೊದಲು ಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಇಲ್ಲದಿರುವುದು ಅದೇ.

ಕಾಯ್ದೆಯ ಕೊರತೆಯಂತೂ ಇಲ್ಲ. 1997ರ ವಿಶಾಖಾ ತೀರ್ಪು, 2013ರ ಕಾಯ್ದೆ, ಅದರ ಬೆನ್ನಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಾವಳಿ ಬಂದಿವೆ. ಈ ನಿಯಮಾವಳಿ ಸಾಕಷ್ಟು ವಿವೇಕದಿಂದ ರೂಪುಗೊಂಡದ್ದೆಂದೇ ಹೇಳಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಆಂತರಿಕ ದೂರು ಸಮಿತಿಯಲ್ಲಿ ಇರುವಂತಿಲ್ಲ. ವಿಚಾರಣೆ ನಡೆಯುತ್ತಿರುವಾಗ ಆರೋಪಕ್ಕೊಳಗಾದ ಅಧ್ಯಾಪಕರು ದೂರುದಾರಳ ಮೌಲ್ಯಮಾಪನ ಮಾಡದಂತೆ ತಡೆಯಲೂ ಅವಕಾಶವಿದೆ. ಆದರೆ ಈ ರಕ್ಷಣೆಗಳೆಲ್ಲ ಲಿಖಿತ ದೂರಿನಿಂದಲೇ ಆರಂಭ. ದೂರು ತಲುಪಿದ ಏಳು ದಿನಗಳೊಳಗೆ ಅದರ ಪ್ರತಿ ಎದುರು ಪಕ್ಷದವರ ಕೈಸೇರಬೇಕು. ಇದು ತಪ್ಪೂ ಅಲ್ಲ. ಯಾರು, ಏನು ಆರೋಪಿಸಿದ್ದಾರೆಂದು ತಿಳಿಸದೆ ಯಾರನ್ನೂ ಶಿಕ್ಷಿಸಲಾಗದು.

ಸಹಜ ನ್ಯಾಯದ ಈ ತತ್ವವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಗೋವಾದ ನಿದರ್ಶನವಿದೆ. ಅಲ್ಲಿನ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು 2009ರಲ್ಲಿ ದೂರು ನೀಡಿದ್ದರು. ಸಮಿತಿ ವಿಚಾರಣೆಯನ್ನು ಅವಸರದಲ್ಲಿ ಮುಗಿಸಿತೆಂಬ ಕಾರಣಕ್ಕೆ ವಜಾ ಆದೇಶವನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿ, ವಿಚಾರಣೆಯನ್ನು ಮತ್ತೆ ಸಮಿತಿಗೇ ಮರಳಿಸಿತು. ಹದಿನಾಲ್ಕು ವರ್ಷಗಳ ಬಳಿಕ! ದೂರು ಕೊಟ್ಟವರಿಗಾಗಲಿ ಆರೋಪ ಹೊತ್ತವರಿಗಾಗಲಿ ಇದರಿಂದ ಸಿಕ್ಕಿದ್ದೇನು?

ವಿಚಾರಣೆಯೊಳಗಿನ ಗೋಪ್ಯತೆಗೆ ಹೀಗೆ ಸಹಜ ಮಿತಿಗಳಿವೆ. ಇರುವಷ್ಟನ್ನಾದರೂ ಕಾಯುತ್ತೇವೆಯೇ? 2013ರ ಕಾಯ್ದೆಯ 16ನೇ ಕಲಮು ದೂರುದಾರರ, ಆರೋಪಿತರ, ಸಾಕ್ಷಿಗಳ ಗುರುತನ್ನು ಬಹಿರಂಗಪಡಿಸಕೂಡದೆನ್ನುತ್ತದೆ. ಮಾಹಿತಿ ಹಕ್ಕಿನಡಿಯೂ ಅದು ದೊರೆಯದು. ಉಲ್ಲಂಘಿಸಿದವರಿಗೆ ನಿಯಮ ಗೊತ್ತುಪಡಿಸಿದ ದಂಡ 5,000 ರೂಪಾಯಿ. ಒಂದು ಸೆಮಿಸ್ಟರಿನ ಹಾಸ್ಟೆಲ್ ಊಟಕ್ಕೂ ಸಾಲದ ಮೊತ್ತವದು. ಬೆಳಿಗ್ಗೆ ಕೊಟ್ಟ ದೂರು ಸಂಜೆಯೊಳಗೆ ಕ್ಯಾಂಟೀನಿನ ಮಾತಾಗುವ ಆವರಣಗಳಲ್ಲಿ ಆ ದಂಡಕ್ಕೆ ಹೆದರುವವರಾರು?

ಹೀಗಾಗಿ ಹುಡುಗಿಯರು ತಡೆಯುತ್ತಾರೆ, ಅಳೆದು ಸುರಿದು ನೋಡುತ್ತಾರೆ. ಅಷ್ಟರಲ್ಲಿ ದೂರು ಸಲ್ಲಿಸಲು ಇರುವ ಮೂರು ತಿಂಗಳ ಗಡುವು ಕಳೆದುಹೋಗುತ್ತದೆ. ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದೆಂದು ಅವರಿಗೆ ಹೇಳುವವರಿರುವುದಿಲ್ಲ.

2025ರ ಜುಲೈನಲ್ಲಿ ಒಡಿಶಾದ ಬಾಲಸೋರ್‌ನ ಕಾಲೇಜಿನಲ್ಲಿ ಬಿ.ಇಡಿ. ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆಕೆ ಸುಮ್ಮನಿದ್ದವಳಲ್ಲ. ವಿಭಾಗದ ಮುಖ್ಯಸ್ಥರ ಮೇಲೆ ದೂರು ಕೊಟ್ಟಿದ್ದಳು, ಪ್ರಾಂಶುಪಾಲರ ಬಾಗಿಲು ತಟ್ಟಿದ್ದಳು, ಆಂತರಿಕ ಸಮಿತಿಯ ವಿಚಾರಣೆಯೂ ನಡೆದಿತ್ತು. ದೂರು ಕೊಟ್ಟ ದಿನದಿಂದ ಆ ಕೊನೆಯ ದಿನದವರೆಗೆ ಆಕೆಯ ಜೊತೆ ನಿಂತು, ಇಂದು ಏನಾಯಿತು, ನಾಳೆ ಏನು ಮಾಡೋಣ ಎಂದು ಕೇಳುವ ಹೊಣೆ ಯಾರದಾಗಿತ್ತು? ಸಮಿತಿಯದು ತೀರ್ಪಿನ ಪೀಠ. ಇಬ್ಬರ ಮಾತನ್ನೂ ತೂಗಬೇಕಾದವರು ಒಬ್ಬರ ಕೈಹಿಡಿದು ನಡೆಯುವಂತಿಲ್ಲ.

ಜಾತಿ ತಾರತಮ್ಯದ ವಿಷಯದಲ್ಲಿ ಸ್ಥಿತಿ ಇನ್ನೂ ಅಸ್ಪಷ್ಟ. ರೋಹಿತ್ ವೇಮುಲ, ಪಾಯಲ್ ತಡ್ವಿ ಅವರ ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, 2012ರ ಸಮಾನತಾ ನಿಯಮಗಳ ಜಾಗಕ್ಕೆ ಹೊಸವು 2026ರ ಜನವರಿಯಲ್ಲಿ ಬಂದವು. ಅದೇ ತಿಂಗಳು ನ್ಯಾಯಾಲಯ ಅವುಗಳಿಗೆ ತಡೆ ನೀಡಿತು.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂಬುಡ್ಸ್ ಕಚೇರಿಗಳಿವೆ. ಅಲ್ಲಿ ಹೇಳಿಕೊಂಡದ್ದು ದೂರೆನಿಸುವುದಿಲ್ಲ, ಕಾಯಂ ದಾಖಲೆ ಇಡುವುದಿಲ್ಲ, ಅಲ್ಲಿನವರು ಔಪಚಾರಿಕ ವಿಚಾರಣೆಯಲ್ಲಿ ಭಾಗಿಗಳಾಗುವುದಿಲ್ಲ. ಯಾರದಾದರೂ ಜೀವಕ್ಕೆ ತಕ್ಷಣದ ಅಪಾಯವಿದ್ದರೆ ಮಾತ್ರ ಗೋಪ್ಯತೆಗೆ ವಿನಾಯಿತಿ. ನಮ್ಮಲ್ಲೂ 2023ರ ನಿಯಮಗಳಲ್ಲಿ ಒಂಬುಡ್ಸ್ ಪರ್ಸನ್ ಎಂಬ ಹುದ್ದೆಯಿದೆ. ಹೆಸರು ಒಂದೇ, ಕೆಲಸ ಬೇರೆ: ಇವರು ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿಯ ತೀರ್ಮಾನದ ಮೇಲೆ ಮೇಲ್ಮನವಿ ಆಲಿಸುವವರು, ಬಹುತೇಕ ನಿವೃತ್ತ ಕುಲಪತಿಯೋ ಪ್ರಾಧ್ಯಾಪಕರೋ ನ್ಯಾಯಾಧೀಶರೋ ಆಗಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ (14416) ನೊಂದವರಿಗೆ ಕಿವಿಗೊಡುತ್ತದೆ. ವಿಶ್ವವಿದ್ಯಾಲಯದ ನಿಯಮಗಳ ಜಾಡು ತೋರಿಸುವುದು ಅದರ ಕೆಲಸವಲ್ಲ.

ಬೇಕಾಗಿರುವುದು ದೊಡ್ಡದೇನಲ್ಲ. ಬೋಧಕವರ್ಗಕ್ಕೆ ಸೇರದ, ಬಡ್ತಿಗೆ ಕುಲಪತಿಗಳ ಮುಖ ನೋಡಬೇಕಿಲ್ಲದ, ಕಾನೂನು ಬಲ್ಲ ಒಬ್ಬ ಆಪ್ತಸಮಾಲೋಚಕಿ. ಆಡಳಿತ ಭವನದಿಂದ ದೂರದ, ಯಾರು ಹೋದರೂ ಯಾರೂ ಹುಬ್ಬೇರಿಸದ ಒಂದು ಕೋಣೆ, ಗ್ರಂಥಾಲಯದ ಹಿಂದೆಯೋ ಆರೋಗ್ಯ ಕೇಂದ್ರದ ಪಕ್ಕದಲ್ಲೋ. ನ್ಯಾಕ್ ತಂಡ ಬರುವ ಮುನ್ನ ಬಣ್ಣ ಕಾಣುವ ಸಮಿತಿಯ ಫಲಕದಲ್ಲಿ ಆ ಕೋಣೆಯ ವಿಳಾಸಕ್ಕೊಂದು ಸಾಲು ಬೇಕು; ಜೊತೆಗೆ, ಇಲ್ಲಿ ಬಂದು ಮಾತನಾಡಿದರೆ ಅದು ದೂರಾಗುವುದಿಲ್ಲ ಎಂಬ ಇನ್ನೊಂದು ಸಾಲು.